ಮುನ್ನೂರು ಬಿಂದಿಗೆ

ಮೂವತ್ತು ವರ್ಷದ ನೌಕರಿಯಲ್ಲಿ ನಾನು ಗ್ರಾಫ್ ಹಾಳೆಯ ಮೇಲೆ ಎಳೆದ ಗೆರೆಗಳಲ್ಲಿ ಅತ್ಯಂತ ಸರಿಯಾಗಿದ್ದದ್ದು ಯಾವುದು ಎಂದು ಯಾರಾದರೂ ಕೇಳಿದರೆ, ಬಿಳಿಕಲ್ಲುಕೊಪ್ಪಲಿನ ಕೊಳವೆಬಾವಿಯದು ಅನ್ನುತ್ತೇನೆ. ನೆನೆಸಿಕೊಂಡರೆ ಇವತ್ತಿಗೂ ಕಿವಿ ಬಿಸಿಯಾಗುವುದೂ ಅದೇ ಗೆರೆಯಿಂದ. ಯಾರೂ ಕೇಳುವುದಿಲ್ಲ, ಹಾಗಾಗಿ ನಾನೇ ಹೇಳುತ್ತಿದ್ದೇನೆ.

ಎಪ್ಪತ್ತಾರನೆಯ ಇಸವಿ. ಆಗ ನಾನು ಮಂಡ್ಯದ ಅಂತರ್ಜಲ ಕಚೇರಿಯಲ್ಲಿ ಸಹಾಯಕ. ಇಪ್ಪತ್ತಾರು ವಯಸ್ಸು, ಭೂವಿಜ್ಞಾನದಲ್ಲಿ ಫಸ್ಟ್ ಕ್ಲಾಸು, ಕಣ್ಣು ನೆತ್ತಿಗೇರಿತ್ತು. ನಮ್ಮ ಸಾಹೇಬರು ಯೋಗಾನರಸಿಂಹ ಅವರಿಗೆ ಐವತ್ತು ದಾಟಿದ್ದರೂ ಹುಚ್ಚು ನನಗಿಂತ ಹೆಚ್ಚು. ಬೆಂಗಳೂರಿನ ಯಾವುದೋ ಲೈಬ್ರರಿಯಿಂದ ಅಮೆರಿಕದ ಎಣ್ಣೆ ಬಾವಿಗಳ ಪತ್ರಿಕೆ ತರಿಸಿಕೊಂಡು ಊಟದ ಹೊತ್ತಿನಲ್ಲಿ ಓದುತ್ತಿದ್ದರು. ಅಲ್ಲಿ ಒಂದು ಕಡೆ, ಹೆಂಚಿನಂತೆ ಗಟ್ಟಿಯಾದ ಜೇಡಿಪದರದೊಳಗೆ ಗ್ಯಾಸು ಸಿಕ್ಕಿಕೊಂಡಿರುತ್ತದಂತೆ. ಬಾವಿ ಕೊರೆದರೂ ಹೊರಗೆ ಬರುವುದಿಲ್ಲ. ಆಗ ಅವರು ಬಾವಿಯೊಳಗೆ ಭಾರಿ ಒತ್ತಡದಲ್ಲಿ ನೀರು ನುಗ್ಗಿಸಿ ಕಲ್ಲನ್ನು ಸೀಳುತ್ತಾರೆ. ಸೀಳು ಮತ್ತೆ ಮುಚ್ಚದಿರಲಿ ಎಂದು ನೀರಿನ ಜೊತೆ ಮರಳನ್ನೂ ಕಳಿಸುತ್ತಾರೆ. ಆಮೇಲೆ ಗ್ಯಾಸು ಬರುತ್ತದೆ.

"ಗ್ಯಾಸು ಬರೋದಾದರೆ ನೀರು ಯಾಕೆ ಬರಬಾರದಯ್ಯ?" ಅಂದರು ಸಾಹೇಬರು.

ಮಳವಳ್ಳಿ ಕಡೆ ಬಿಳಿಕಲ್ಲುಕೊಪ್ಪಲು ಅಂತ ಅರುವತ್ತು ಮನೆಯ ಊರು. ನಾಲೆ ಅಲ್ಲಿಗೆ ಹತ್ತುವುದಿಲ್ಲ. ಹೆಂಗಸರು ಒಂದೂವರೆ ಮೈಲಿ ನಡೆದು, ತೊರೆಯ ಮರಳಿನಲ್ಲಿ ಒರತೆ ತೋಡಿ, ತೆಂಗಿನ ಚಿಪ್ಪಿನಲ್ಲಿ ಮೊಗೆದು ಬಿಂದಿಗೆ ತುಂಬಿಸಬೇಕು. ಅಲ್ಲಿ ನಾವು ಇನ್ನೂರು ಅಡಿ ಕೊರೆದಿದ್ದ ಬಾವಿಯಲ್ಲಿ ಬರೀ ಬೂದಿಯಂಥ ಕಲ್ಲಿನ ಪುಡಿ ಬಂದಿತ್ತು. ಸಾಹೇಬರು ಆ ಬಾವಿಯನ್ನೇ ಆರಿಸಿದರು. ಬಾವಿಯ ಗಂಟಲಿಗೆ ಬಿಗಿಯಲು ರಬ್ಬರಿನ ಬಿರಡೆಯನ್ನು ಮಂಡ್ಯದಲ್ಲಿ ಲಾರಿ ಟೈರಿಗೆ ತೇಪೆ ಹಾಕುವ ಅಂಗಡಿಯಲ್ಲಿ ಮಾಡಿಸಿದರು. ಮರಳನ್ನು ಮದ್ದೂರಿನ ಹತ್ತಿರ ಶಿಂಷಾ ಹೊಳೆಯಿಂದ ತಂದು, ಅವರ ಮನೆಯ ರವೆ ಜರಡಿಯಲ್ಲೇ ಜರಡಿ ಹಿಡಿದೆವು. ಒತ್ತಡದ ಪಂಪನ್ನು ಎಲ್ಲಿಂದ ತಂದರೋ ನಾನು ಕೇಳಲಿಲ್ಲ.

ಶಿವರಾತ್ರಿ ಕಳೆದ ವಾರ, ಎರಡು ಟ್ಯಾಂಕರ್ ನಾಲೆ ನೀರನ್ನು ಆ ಒಣ ಬಾವಿಗೆ ನುಗ್ಗಿಸಿದೆವು. ಇಡೀ ಊರು ಸುತ್ತ ನಿಂತು ನೋಡಿತು. ಕುಡಿಯಲು ನೀರಿಲ್ಲದ ಊರಿನಲ್ಲಿ ಸರ್ಕಾರದವರು ಬಂದು ಎರಡು ಟ್ಯಾಂಕರ್ ನೀರನ್ನು ತೂತಿಗೆ ಹುಯ್ಯುವುದನ್ನು ನೋಡಿ ಯಾರೂ ಒಂದು ಮಾತೂ ಆಡಲಿಲ್ಲ. ಅದು ಅವರ ದೊಡ್ಡತನ. ಒಂದು ಗಳಿಗೆಯಲ್ಲಿ ಒತ್ತಡ ತೋರಿಸುವ ಮೀಟರಿನ ಮುಳ್ಳು ಸರ್ರನೆ ಇಳಿಯಿತು, ನೆಲದೊಳಗೆ ಎಲ್ಲೋ ಗುಡುಕ್ ಅಂದಿತು. "ಬಿರಿಯಿತು!" ಎಂದು ಸಾಹೇಬರು ಟೋಪಿ ಎಸೆದರು. ಮಾರನೆಯ ದಿನ ಪರೀಕ್ಷೆಯ ಪಂಪು ಇಳಿಸಿದಾಗ, ನಾವು ಹುಯ್ದದ್ದಷ್ಟೂ ಹೊರಗೆ ಬಂದ ಮೇಲೂ ನೀರು ನಿಲ್ಲಲಿಲ್ಲ. ಮೊದಲು ಬೂದುಬಣ್ಣ, ಆಮೇಲೆ ತಿಳಿ.

ಇಲ್ಲಿಂದ ಮುಂದೆ ನನ್ನ ಕೆಲಸ.

ತಾಲ್ಲೂಕುಗಳಿಗೆಲ್ಲ ಸೇರಿ ಆ ವರ್ಷಕ್ಕೆ ಉಳಿದಿದ್ದದ್ದು ಒಂದೇ ಒಂದು ಕರೆಂಟ್ ಮೋಟರು. ಅದರ ಜೊತೆಗೆ ಮೇಲೊಂದು ಟ್ಯಾಂಕು, ನಾಲ್ಕು ನಲ್ಲಿ. ಬಿಳಿಕಲ್ಲುಕೊಪ್ಪಲಿಗೆ ಕೊಡಬೇಕೋ, ಬೆಸಗರಹಳ್ಳಿ ಕಡೆಯ ಇನ್ನೊಂದು ಊರಿಗೆ ಕೊಡಬೇಕೋ ಎಂಬುದನ್ನು ನನ್ನ ಅಳತೆ ತೀರ್ಮಾನಿಸಬೇಕಾಗಿತ್ತು. ಹತ್ತು ದಿನ, ದಿನಾ ಬೆಳಿಗ್ಗೆ ಒಂದು ಗಂಟೆ ಪಂಪು ಓಡಿಸಿ, ನಲವತ್ತು ಗ್ಯಾಲನ್ನಿನ ಪೀಪಾಯಿ ಎಷ್ಟು ನಿಮಿಷಕ್ಕೆ ತುಂಬುತ್ತದೆ ಎಂದು ಬರೆಯುವುದು. ಹತ್ತನೆಯ ದಿನವೂ ಹತ್ತು ನಿಮಿಷದೊಳಗೆ ತುಂಬಿದರೆ ಮೋಟರು. ಇಲ್ಲವಾದರೆ ಇಲ್ಲ.

ನಾನು ಮಳವಳ್ಳಿಯ ಪ್ರವಾಸಿ ಮಂದಿರದಲ್ಲಿ ತಂಗಿ, ಬೆಳಿಗ್ಗೆ ಬಾಡಿಗೆ ಸೈಕಲ್ಲಿನಲ್ಲಿ ಹೋಗಿ, ಹತ್ತು ಗಂಟೆಗೆ ವಾಪಸು ಬರುತ್ತಿದ್ದೆ. ಡೀಸೆಲ್ ಎಂಜಿನ್ನು ಓಡಿಸಲು ಆ ಊರಿನ ಪುಟ್ಟರಾಜು ಎಂಬುವನನ್ನು ಇಟ್ಟುಕೊಂಡಿದ್ದೆವು. ನನಗಿಂತ ಹಿರಿಯ, ಮಿತಭಾಷಿ. ನೀರಿನ ಸ್ಯಾಂಪಲ್ಲು ಪರೀಕ್ಷೆಗೆ ಹೋಗಿತ್ತು, ಫಲಿತಾಂಶ ಬರುವವರೆಗೆ ಈ ನೀರನ್ನು ಯಾರೂ ಮುಟ್ಟಬಾರದು, ದನಕ್ಕೂ ಬೇಡ ಎಂದು ಕಟ್ಟಪ್ಪಣೆ ಮಾಡಿದ್ದೆ. ಅಳೆದ ನೀರೆಲ್ಲ ಪಕ್ಕದ ಮೋರಿಗೆ ಹೋಗುತ್ತಿತ್ತು.

ಮೊದಲ ದಿನ ಪೀಪಾಯಿ ನಾಲ್ಕು ನಿಮಿಷಕ್ಕೆ ತುಂಬಿತು. ಎರಡನೆಯ ದಿನ ಐದೂಮುಕ್ಕಾಲು. ಮೂರನೆಯ ದಿನ ಏಳು. ನಾಲ್ಕನೆಯ ದಿನ ಎಂಟು. ಇದರಲ್ಲಿ ಗಾಬರಿಯೇನೂ ಇರಲಿಲ್ಲ, ಆ ಪತ್ರಿಕೆಯ ಗ್ಯಾಸು ಬಾವಿಗಳೂ ಹೀಗೇ ಇಳಿಯುತ್ತವೆ. ಸಿನಿಮಾ ಬಿಟ್ಟಾಗ ಬಾಗಿಲ ಪಕ್ಕದವರು ಮೊದಲು ಹೊರಗೆ ಬರುತ್ತಾರಲ್ಲ, ಹಾಗೆ ಸೀಳಿನ ಪಕ್ಕದ ನೀರು ಮೊದಲು ಬರುತ್ತದೆ. ದಿನ ಕಳೆದಂತೆ ದೂರದ್ದು ಬರಬೇಕು, ತಡವಾಗುತ್ತದೆ. ಅದಕ್ಕೊಂದು ಲೆಕ್ಕ ಇದೆ. ನಾಲ್ಕು ಪಟ್ಟು ದಿನ ಕಳೆದರೆ ಪೀಪಾಯಿ ತುಂಬಲು ಎರಡು ಪಟ್ಟು ಹೊತ್ತು. ಒಂಬತ್ತು ಪಟ್ಟು ಕಳೆದರೆ ಮೂರು ಪಟ್ಟು. ಅದಕ್ಕೆಂದೇ ಇರುವ ಗ್ರಾಫ್ ಹಾಳೆಯ ಮೇಲೆ ನಿಮಿಷಕ್ಕೆ ಬರುವ ನೀರನ್ನು ಬರೆದರೆ ಎಲ್ಲ ಚುಕ್ಕಿಯೂ ಕೆಳಗಿಳಿಯುವ ಒಂದೇ ನೇರ ಗೆರೆಯ ಮೇಲೆ ಕೂರುತ್ತವೆ. ನನ್ನ ನಾಲ್ಕು ಚುಕ್ಕಿಗಳು ಹಾಗೇ ಕೂತಿದ್ದವು. ಗೆರೆಯನ್ನು ಮುಂದಕ್ಕೆ ಎಳೆದೆ. ಹತ್ತನೆಯ ದಿನಕ್ಕೆ ಹನ್ನೆರಡೂವರೆ ನಿಮಿಷ.

ಅಂದರೆ ಮೋಟರು ಇಲ್ಲ.

ಬೇಜಾರಾಯಿತು. ಎಂಜಿನ್ನು ಒರೆಸುತ್ತಿದ್ದ ಪುಟ್ಟರಾಜುಗೆ ಸುಮ್ಮನೆ ಹೇಳಿದೆ: "ಬಂಡೆ ಕುಡಿದದ್ದನ್ನೆಲ್ಲ ಕೊಟ್ಟು ಮುಗಿಸ್ತಾ ಇದೆ ಪುಟ್ಟರಾಜು. ಹೀಗೇ ಇಳಿದರೆ ನಿಮಗೆ ಮೋಟರು ಕಷ್ಟ."

ಅವನು "ಊಂ" ಅಂದ. ಆಚೆ ಹುಣಸೆಮರದ ಕೆಳಗೆ ಬೆರಣಿ ತಟ್ಟುತ್ತಿದ್ದ ಚಲುವಮ್ಮ ತಲೆಯೆತ್ತಿ ನೋಡಿದಳು. ಊರಿನ ಹಿರಿಯ ಹೆಂಗಸು, ಗಂಡ ಇಲ್ಲ, ಎರಡೆಕರೆ ಹುರುಳಿ ಹೊಲ. ಮಾತು ಒರಟು. ಗಂಡಸರೂ ಅವಳೆದುರು ತಗ್ಗಿ ಮಾತಾಡುತ್ತಿದ್ದರು.

ಐದನೆಯ ದಿನ ಪೀಪಾಯಿ ತುಂಬಿದ್ದು ಎಂಟೇ ನಿಮಿಷಕ್ಕೆ. ಆರನೆಯ ದಿನ ಎಂಟೂಕಾಲು. ಏಳನೆಯ ದಿನ ಮತ್ತೆ ಎಂಟು. ಗೆರೆ ಇಳಿಯುವುದನ್ನು ಬಿಟ್ಟು ಚಾಪೆ ಹಾಸಿಕೊಂಡು ಮಲಗಿಬಿಟ್ಟಿತ್ತು. ಮಳವಳ್ಳಿ ಅಂಚೆ ಕಚೇರಿಯಿಂದ ಸಾಹೇಬರಿಗೆ ಟ್ರಂಕ್ ಕಾಲ್ ಹಾಕಿದೆ.

"ಯಾಕಯ್ಯ ಮಲಗಿತು?" ಅಂದರು.

"ಸೀಳು ಊರ ಹಳೇ ಕಟ್ಟೆಯ ಕೆಳಗೆ ಹೋಗಿ ಸೇರಿರಬೇಕು ಸಾರ್. ಅಲ್ಲಿಂದ ನೀರು ಬರ್ತಾ ಇದೆ."

"ಕಟ್ಟೆಯಲ್ಲಿ ನೀರೆಷ್ಟಿದೆ?"

"ಒಣಗಿದೆ ಸಾರ್."

"ಕೆಳಗಡೆ ಇದ್ದರೂ ಇರಬಹುದು, ಅಲ್ಲವೇನಯ್ಯ?" ಅಂದರು. ನಂಬಬೇಕೆಂಬ ಆಸೆ ಅವರಿಗೂ ಇತ್ತು. ನಾನು ಒಂದು ಲೆಕ್ಕವನ್ನೇ ಕಟ್ಟಿದೆ: ಸೀಳಿನ ಉದ್ದ ಇಷ್ಟು, ಕಟ್ಟೆಯ ಕೆಳಗಿನ ತೇವ ಇಷ್ಟು, ಇಪ್ಪತ್ತು ವರ್ಷಕ್ಕೆ ನೀರು ಇಷ್ಟು. ಆರು ಪುಟ. ಸಮೀಕರಣಗಳೂ ಇದ್ದವು. ಓದಿದರೆ ಯಾರಿಗೂ ಇದು ಸುಳ್ಳು ಅನ್ನಿಸುತ್ತಿರಲಿಲ್ಲ. ಎಂಟನೆಯ ದಿನದ ಅಳತೆಯನ್ನೂ ಸೇರಿಸಿ ಬಸ್ಸಿನಲ್ಲಿ ಮಂಡ್ಯಕ್ಕೆ ಕಳಿಸಿದೆ.

ನನ್ನ ನೋಟ್ ಪುಸ್ತಕದಲ್ಲಿ ಐದನೆಯ ದಿನದ ಎದುರಿಗೆ ಇನ್ನೊಂದು ಟಿಪ್ಪಣಿ ಇದೆ: "ಮೊದಲ ಪೀಪಾಯಿಯ ನೀರಿನಲ್ಲಿ ತೆಳು ಹಳದಿ ಛಾಯೆ. ಕಬ್ಬಿಣದ ಅಂಶ ಇರಬಹುದು." ಆ ಪುಸ್ತಕವನ್ನು ನಾನು ಎಸೆದಿಲ್ಲ. ಕಣ್ಣು ಮತ್ತೆ ನೆತ್ತಿಗೇರಿದಾಗ ತೆಗೆದು ನೋಡಿಕೊಳ್ಳಲು ಇಟ್ಟುಕೊಂಡಿದ್ದೇನೆ.

ಒಂಬತ್ತನೆಯ ದಿನವೂ ಎಂಟೇ ನಿಮಿಷ. ಮಧ್ಯಾಹ್ನ ಸಾಹೇಬರು ಫೋನಿನಲ್ಲಿ, "ಮೋಟರು ನಿನ್ನ ಊರಿಗೇ ಅಂತ ಇಟ್ಟುಕೊಳ್ಳಯ್ಯ. ನಾಳೆಯದು ಬರೀ ಶಾಸ್ತ್ರ" ಅಂದರು. ಬಿಳಿಕಲ್ಲುಕೊಪ್ಪಲು ಯಾವಾಗ ನನ್ನ ಊರಾಯಿತೋ ಗೊತ್ತಿಲ್ಲ, ಆದರೆ ಕೇಳಿ ಹಿಗ್ಗಿದೆ. ಬೆಳಗಿನವರೆಗೆ ಕಾಯುವ ತಾಳ್ಮೆ ಇರಲಿಲ್ಲ. ಸಂಜೆ ಐದಕ್ಕೆ ಸೈಕಲ್ಲು ಹತ್ತಿ ಊರಿಗೆ ಹೊರಟೆ. ಒಂಬತ್ತು ದಿನದಲ್ಲಿ ನಾನು ಸಂಜೆ ಅಲ್ಲಿಗೆ ಹೋದದ್ದು ಅದೇ ಮೊದಲು.

ತೊರೆಯ ದಾರಿಯಲ್ಲಿ ಹೆಂಗಸರು ಸಾಲಾಗಿ ಬರುತ್ತಿದ್ದರು, ಒಬ್ಬೊಬ್ಬರ ಸೊಂಟದಲ್ಲಿ ಒಂದೊಂದು ಬಿಂದಿಗೆ. ಇನ್ನೇನು ಸ್ವಲ್ಪ ದಿನ, ಆಮೇಲೆ ನಲ್ಲಿ ತಿರುಗಿಸಿದರೆ ಸಾಕು ಎಂದುಕೊಂಡು ಖುಷಿಯಿಂದ ಗಂಟೆ ಬಾರಿಸುತ್ತ ಅವರನ್ನು ದಾಟಿದೆ. ಬಾವಿಯ ಹತ್ತಿರ ಇಳಿದು ತಿರುಗಿ ನೋಡಿದರೆ, ಸಾಲು ಊರೊಳಕ್ಕೆ ಹೋಗದೆ ನನ್ನ ಕಡೆಗೇ ಬರುತ್ತಿತ್ತು. ಮುಂದೆ ಚಲುವಮ್ಮ. ಪುಟ್ಟರಾಜು ಬಾವಿಯ ಕೊಳವೆಗೂ ಪಂಪಿನ ಪೈಪಿಗೂ ನಡುವಿನ ಸಂದಿಗೆ ತಗಡಿನ ಆಲಿಕೆ ಸಿಕ್ಕಿಸಿ ಹಿಡಿದುಕೊಂಡಿದ್ದ. ಚಲುವಮ್ಮ ಬಿಂದಿಗೆಗೆ ಅರಿಶಿನ ಕುಂಕುಮ ಹಾಕಿ, ಕೈಮುಗಿದು, ನೀರನ್ನು ನಿಧಾನವಾಗಿ ಬಾವಿಯೊಳಕ್ಕೆ ಹುಯ್ದಳು.

"ಏನು ಮಾಡ್ತಾ ಇದೀರಿ?" ಎಂದು ನಾನು ಕೂಗಿದ್ದಕ್ಕೆ ಸಾಲಿನಲ್ಲಿದ್ದವರೆಲ್ಲ ನಿಂತರು.

"ಗಂಗಮ್ಮಂಗೆ ಮಡ್ಲು ತುಂಬ್ತಾ ಇವ್ನಿ ಅಯ್ನೋರೆ," ಅಂದಳು ಚಲುವಮ್ಮ. "ಮನೆಗೊಂದು ಬಿಂದ್ಗೆ. ಇವತ್ತಿಗೆ ಆರ್ನೇ ದಿಸ."

"ಯಾರು ಹೇಳಿದರು ನಿಮಗೆ?"

ಪುಟ್ಟರಾಜು ಆಲಿಕೆ ಬಿಡದೆ ನನ್ನ ಮುಖ ನೋಡಿದ. "ನೀವೇ ಅಲ್ವಾ ಯೋಳಿದ್ದು? ಕುಡ್ದಿದ್ನೆಲ್ಲ ಕೊಟ್ಟು ಮುಗಿಸ್ತಾ ಅದೆ ಅಂತ. ನಿಮ್ಗೆ ಗೊತ್ತು ಅಂದ್ಕಂಡಿದ್ದೆ."

"ಒಣಗಿದ್ ಬಾವಿಗೆ ನೀವು ಎಲ್ಡು ಟ್ಯಾಂಕರ್ ಕುಡ್ಸಿದ್ರಿ, ಆಮ್ಯಾಕೆ ತಾನೇ ಅದು ನೀರ್ ಕೊಟ್ಟಿದ್ದು?" ಅಂದಳು ಚಲುವಮ್ಮ. "ಅಸಾನೂ ಅಂಗೇ ಅಲ್ವಾ. ಕಲಗಚ್ಚು ಕುಡುಸ್ದೆ ಕೆಚ್ಚಲಿಗೆ ಕೈ ಆಕುದ್ರೆ ಒದೀತದೆ. ಟ್ಯಾಂಕರ್ ತರಾಕೆ ನಮ್ ತಾವ ಏನೈತೆ? ಬಿಂದ್ಗೆ ಐತೆ, ಕಾಲೈತೆ. ಮಾರ್ನೇ ದಿಸದಿಂದ್ಲೇ ನೀರ್ ಇಳಿಯಾದು ನಿಂತೋಯ್ತು. ನಿಮ್ ಪುಸ್ತಕದಾಗೇ ಐತಲ್ಲ, ನೋಡ್ಕಳಿ."

ನಾನು ಹುಣಸೆಮರದ ಬೇರಿನ ಮೇಲೆ ಕೂತುಬಿಟ್ಟೆ. ಅವಳ ಮಾತಿನಲ್ಲಿ ತಪ್ಪು ಹುಡುಕಿದೆ. ಕಣ್ಣಾರೆ ಕಂಡದ್ದರಿಂದ ಮಾಡಿದ ತೀರ್ಮಾನ, ಪರೀಕ್ಷಿಸಿ ನೋಡಿದ್ದಾರೆ, ಫಲವೂ ಸಿಕ್ಕಿದೆ. ನನ್ನ ಆರು ಪುಟಕ್ಕಿಂತ ಅದೇ ವಾಸಿ. ನಾನು ಕಟ್ಟೆಯ ಕೆಳಗೆ ಕಂಡಿದ್ದ ತೇವ ಈ ಹೆಂಗಸರ ಸೊಂಟದ ಮೇಲೆ ಬಂದಿತ್ತು. ಅರುವತ್ತು ಬಿಂದಿಗೆ ಅಂದರೆ ನೂರೆಂಬತ್ತು ಗ್ಯಾಲನ್. ಅಷ್ಟು ಸಣ್ಣ ಬಾಯಿಯ ಬಾವಿಗೆ ಅದು ಸಣ್ಣ ಮಾತಲ್ಲ. ಬೆಳಿಗ್ಗೆ ನಾನು ಅಳೆಯುತ್ತಿದ್ದದ್ದು ಅದನ್ನೇ.

ಹೇಳದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಮೋಟರು ಬರುತ್ತಿತ್ತು, ತಿಂಗಳೊಪ್ಪತ್ತಿನಲ್ಲಿ ಗಾಳಿ ಎಳೆದು ಸುಟ್ಟುಹೋಗುತ್ತಿತ್ತು, ಅಷ್ಟರಲ್ಲಿ ನಾನು ಬೇರೆ ಊರಿನ ಬಾವಿ ಅಳೆಯುತ್ತಿದ್ದೆ. ಈ ಯೋಚನೆ ಬಂದದ್ದು ನಿಜ. ಎಷ್ಟು ಹೊತ್ತು ಇತ್ತು ಎಂದು ಹೇಳಲಾರೆ.

"ಚಲುವಮ್ಮನೋರೆ," ಅಂದೆ. "ನೀವು ಸಂಜೆ ಹುಯ್ದ ನೀರನ್ನೇ ನಾನು ಬೆಳಿಗ್ಗೆ ಎತ್ತಿದ್ದೇನೆ. ಅದು ಹಳೇ ಕಟ್ಟೆಯ ನೀರು ಅಂತ ಆರು ಪುಟ ಲೆಕ್ಕ ಬರೆದು ಕಳಿಸಿದೆ. ಬಾವಿಯ ನೀರು ದಿನಾ ಇಳೀತಾನೇ ಇದೆ. ಕಲಗಚ್ಚು ಕುಡಿಸಿ ಅದೇ ಕಲಗಚ್ಚನ್ನ ಕರೆದುಕೊಂಡ ಹಾಗಾಯ್ತು."

ಅವಳು ಖಾಲಿ ಬಿಂದಿಗೆಯನ್ನು ಇನ್ನೊಂದು ಸೊಂಟಕ್ಕೆ ಬದಲಾಯಿಸಿಕೊಂಡಳು. ಅರ್ಥವಾಗಿತ್ತು. ನನ್ನ ಸಾಹೇಬರಿಗೆ ಅರ್ಥವಾಗಲು ಮಾರನೆಯ ದಿನ ಅರ್ಧ ಗಂಟೆ ಹಿಡಿಯಿತು.

"ಅಂಗಾರೆ ನಾಳಿಕೆ ಮೋಟ್ರು?"

"ಸಿಗೋದಿಲ್ಲ."

"ಇವತ್ತೂ ಉಯ್ತೀವಿ," ಅಂದಳು ತಕ್ಷಣ. "ನಾಳೆ ಒಂದೇ ಅಲ್ವಾ ಬಾಕಿ? ನೀವು ಸಂದೇಲಿ ಬರ್ನಿಲ್ಲ, ನಾವು ಏನೂ ಉಯ್ನಿಲ್ಲ. ಮೋಟ್ರು ಬಂದ್ಮೇಲೆ ಗೌರ್ಮೆಂಟು ಕಿತ್ಕಂಡ್ ಓದದಾ?"

ಹಿಂದೆ ಸಾಲಿನಲ್ಲಿದ್ದ ಬೆಟ್ಟಮ್ಮ ಎಂಬಾಕೆ, "ಊಂ ಅನ್ನಿ ಅಯ್ನೋರೆ, ನಿಮ್ ಗಂಟೇನ್ ಓಯ್ತದೆ?" ಅಂದಳು.

"ಮೋಟರು ಇದ್ದೂ ನೀರಿಲ್ಲದಿದ್ದರೆ ಏನು ಮಾಡ್ತೀರಿ? ಅದಕ್ಕೂ ಬಿಂದಿಗೆಯಲ್ಲಿ ಹೊತ್ತು ಹುಯ್ತೀರಾ? ಆ ಕಡೆ ಊರಿನವರಿಗೆ ನೀರಿದೆ, ಮೋಟರಿಲ್ಲ. ಅಲ್ಲೂ ಹೆಂಗಸರು ಹೀಗೇ ನಡೀತಾರೆ."

ಚಲುವಮ್ಮ ಬಾವಿಯ ಬಾಯನ್ನು ನೋಡುತ್ತ ನಿಂತಿದ್ದಳು. ಕೊನೆಗೆ ಸಾಲಿನ ಕಡೆ ತಿರುಗಿ, "ನಡೀರ್ರಮ್ಮಿ. ನೀರ ಮನೀಗ್ ತಗಂಡೋಗಿ, ಸೊಪ್ಪು ಬೇಯ್ಸ್ಕಳಿ" ಅಂದಳು. ನನಗೆ ಹೇಳಿದ್ದು ಇಷ್ಟು: "ನಾಳೆ ಪೀಪಾಯಿ ತುಂಬಾದ ನಾನೂ ನೋಡ್ಬೇಕು."

ಹತ್ತನೆಯ ದಿನ ಬೆಳಿಗ್ಗೆ ಇಡೀ ಊರು ಬಂದಿತ್ತು. ಪುಟ್ಟರಾಜು ಎಂಜಿನ್ನು ಎಬ್ಬಿಸಿದ. ನೀರು ಬಿತ್ತು. ಎಂಟು ನಿಮಿಷವಾದಾಗ ಪೀಪಾಯಿ ಮುಕ್ಕಾಲಿಗೂ ಬಂದಿರಲಿಲ್ಲ. ಹತ್ತು ನಿಮಿಷವಾಯಿತು. ಯಾರೋ ಒಬ್ಬಾಕೆ ಕೂಸನ್ನು ಎತ್ತಿಕೊಂಡು ಹೊರಟುಹೋದಳು. ನೀರು ಅಂಚು ದಾಟಿ ಚೆಲ್ಲಿದಾಗ ಗಡಿಯಾರ ಒತ್ತಿದೆ. ಹನ್ನೆರಡು ನಿಮಿಷ ಮೂವತ್ತೈದು ಸೆಕೆಂಡು.

ಗ್ರಾಫ್ ಹಾಳೆಯನ್ನು ಸೈಕಲ್ಲಿನ ಸೀಟಿನ ಮೇಲೆ ಹರಡಿ ಚುಕ್ಕಿ ಇಟ್ಟೆ. ನಾಲ್ಕನೆಯ ದಿನ ನಾನು ಎಳೆದಿದ್ದ ಗೆರೆಯ ಮೇಲೆ, ಕೂದಲಿನಷ್ಟೂ ಆಚೀಚೆ ಇಲ್ಲದೆ, ಚುಕ್ಕಿ ಕೂತಿತು.

"ಸರಿಯಾಗಿ ಬಂತು!" ಅಂದುಬಿಟ್ಟೆ, ಜೋರಾಗಿ.

ತಲೆಯೆತ್ತಿದರೆ ಅರುವತ್ತು ಮನೆಯ ಜನ ನನ್ನನ್ನೇ ನೋಡುತ್ತಿದ್ದರು.

"ಏನ್ ಸರೀಗ್ ಬಂತು ಅಯ್ನೋರೆ?" ಎಂದು ಚಲುವಮ್ಮ ಕೇಳಿದಳು. ಕೋಪವೇನೂ ಇರಲಿಲ್ಲ, ತಿಳಿದುಕೊಳ್ಳಲು ಕೇಳಿದ್ದು. ನೆಲ ಬಿರಿದು ನನ್ನನ್ನು ನುಂಗಬಾರದೇ ಅನ್ನಿಸಿತು. ಹಾಳೆಯನ್ನು ಮಡಿಸುವ ನೆಪದಲ್ಲಿ ತಲೆ ಬಗ್ಗಿಸಿದೆ. ಮಡಿಸುತ್ತಿದ್ದಾಗಲೇ ಆ ಗೆರೆಯ ಬಾಲ ಕಣ್ಣಿಗೆ ಬಿತ್ತು. ಹತ್ತನೆಯ ದಿನದಾಚೆಗೆ ನಾನು ಅದನ್ನು ನೋಡಿಯೇ ಇರಲಿಲ್ಲ. ಮೋಟರಿನ ಧ್ಯಾನದಲ್ಲಿ ಅಲ್ಲಿಗೇ ನಿಂತಿದ್ದೆ.

ನೀರು ಕಮ್ಮಿಯಾಗುವುದು ದಿನದಿನಕ್ಕೂ ಸಾವಕಾಶವಾಗುತ್ತದೆ. ನೂರನೆಯ ದಿನ ಪೀಪಾಯಿಗೆ ನಲವತ್ತು ನಿಮಿಷ. ಒಂದು ವರ್ಷಕ್ಕೆ ಒಂದೂಕಾಲು ಗಂಟೆ. ಮೋಟರಿಗೆ ಅದು ಏನೇನೂ ಅಲ್ಲ. ಆದರೆ ಹಗಲೂ ಇರುಳೂ ಒಳಗೆ ಊರಿ ನಿಲ್ಲುವ ನೀರನ್ನು ನಿಧಾನವಾಗಿ ಎತ್ತಿದರೆ? ಸೈಕಲ್ಲಿನ ಸೀಟಿನ ಮೇಲೆಯೇ ಗುಣಿಸಿ, ಭಾಗಿಸಿ, ಮತ್ತೊಮ್ಮೆ ಗುಣಿಸಿದೆ.

"ಕೈಪಂಪು ಹಾಕಿಸ್ತೀನಿ," ಅಂದೆ. "ಮಳೆ ಒಂದು ಹನಿ ಬೀಳದಿದ್ದರೂ, ಒಂದು ವರ್ಷ ಆದ ಮೇಲೂ, ಮನೆಗೆ ದಿನಕ್ಕೆ ನಾಲ್ಕು ಬಿಂದಿಗೆ. ಸರದಿ ಮೇಲೆ ಹಿಡಿದುಕೊಳ್ಳಬೇಕು. ಐದನೆಯದಕ್ಕೆ ಆಸೆಪಡಬಾರದು."

"ಇದು ನಿಜವಾದ ಲೆಕ್ಕವಾ, ಕಟ್ಟೆ ಲೆಕ್ಕವಾ?" ಎಂದು ಪುಟ್ಟರಾಜು ಕೇಳಿದ. ಒಂಬತ್ತು ದಿನ ಊಂ ಅಂದವನಿಗೆ ಆವತ್ತೇ ಮಾತು ಬರಬೇಕಿತ್ತು.

ಚಲುವಮ್ಮ ಬೆರಳು ಮಡಿಸುತ್ತ ಏನೋ ಎಣಿಸುತ್ತಿದ್ದಳು. "ನಾವ್ ಉಯ್ದಿದ್ದು ಐದ್ ದಿಸ, ಅರುವತ್ತರಂಗೆ. ಮುನ್ನೂರ್ ಬಿಂದ್ಗೆ. ಅದೂ ಒಳ್ಗೇ ಐತಾ?"

ಸುಳ್ಳು ಹೇಳಬಹುದಿತ್ತು. "ಇಲ್ಲ," ಅಂದೆ. "ಅದನ್ನ ನಾನು ದಿನಾ ಬೆಳಿಗ್ಗೆ ಎತ್ತಿ ಮೋರಿಗೆ ಬಿಟ್ಟೆ."

ಅವಳು ಮೋರಿಯ ಕಡೆ ನೋಡಿದಳು. ಒಂದೂವರೆ ಮೈಲಿಯಿಂದ ಹೊತ್ತು ತಂದ ನೀರು ಹೋದ ದಾರಿಯಲ್ಲಿ ಮಣ್ಣು ಇನ್ನೂ ಹಸಿಯಾಗಿತ್ತು. ಅವಳು ಬೈದಿದ್ದರೆ ಚೆನ್ನಾಗಿತ್ತು. ಸೆರಗು ಸರಿಮಾಡಿಕೊಂಡು ಮನೆಗೆ ನಡೆದಳು.

ಮಂಡ್ಯಕ್ಕೆ ಹೋಗಿ ಆರು ಪುಟವನ್ನು ಹರಿದು ಒಂದು ಪುಟ ಬರೆದೆ. ನಡೆದದ್ದನ್ನೆಲ್ಲ ಕೇಳಿ ಸಾಹೇಬರು ಮೊದಲು ನಕ್ಕರು, ಆಮೇಲೆ ನಗುವುದನ್ನು ನಿಲ್ಲಿಸಿದರು. "ಅಳತೆ ಮಾಡೋದನ್ನು ಕಲಿತಿದ್ದೀಯ. ಸಂಜೆ ಹೊತ್ತು ಊರಿಗೆ ಹೋಗೋದನ್ನೂ ಕಲಿ" ಅಂದರು. ಮೋಟರು ಬೆಸಗರಹಳ್ಳಿ ಕಡೆಗೆ ಹೋಯಿತು. ಸ್ಯಾಂಪಲ್ಲಿನ ಫಲಿತಾಂಶ ಬಂತು, ನೀರು ಕುಡಿಯಲು ಯೋಗ್ಯ ಎಂದು. ಕೈಪಂಪಿಗಾಗಿ ಮೂರು ತಿಂಗಳು ಸಾಹೇಬರನ್ನು ಕಾಡಿದೆ, ಸಾಹೇಬರು ಅವರ ಮೇಲಿನವರನ್ನು ಕಾಡಿದರು.

ಜೂನ್ ಮೊದಲ ವಾರ ಪಂಪು ಕೂರಿಸಲು ಹೋದೆವು. ಮಳೆ ಇನ್ನೂ ಬಿದ್ದಿರಲಿಲ್ಲ. ಅಭ್ಯಾಸಬಲ, ಮೊದಲು ಪರೀಕ್ಷೆಯ ಪಂಪು ಇಳಿಸಿ ಪೀಪಾಯಿ ಇಟ್ಟೆ. ಮೂವತ್ತೊಂಬತ್ತು ನಿಮಿಷ. ಹಾಳೆ ತೆಗೆದು ನೋಡಿದೆ. ಗೆರೆಯ ಮೇಲೆಯೇ ಇತ್ತು. ಈ ಸಲ ಬಾಯಿ ಬಿಡದೆ ಹಾಳೆಯನ್ನು ಜೇಬಿನಲ್ಲಿಟ್ಟುಕೊಂಡೆ.

ಕೈಪಂಪಿನಿಂದ ನೀರು ಬಿದ್ದ ಮೇಲೆ ಹೆಂಗಸರು ಮನೆಗೆ ನಾಲ್ಕರಂತೆ ಬಿಂದಿಗೆ ಸಾಲಾಗಿ ಇಟ್ಟರು. ಚಲುವಮ್ಮ ನನ್ನ ಹತ್ತಿರ ಬರಲೇ ಇಲ್ಲ. ಸೈಕಲ್ಲು ಹತ್ತುವ ಹೊತ್ತಿಗೆ ಮೋರಿಯ ಕಡೆಯಿಂದ ಬಂದಳು. ಎರಡು ಕೈಯಲ್ಲೂ ಹಿಡಿಯಲಾರದಷ್ಟು ದೊಡ್ಡದೊಂದು ಕುಂಬಳಕಾಯಿಯನ್ನು ಹೊಟ್ಟೆಗೆ ಆನಿಸಿಕೊಂಡಿದ್ದಳು. ಮೋರಿಯ ಉದ್ದಕ್ಕೂ ಬಳ್ಳಿ ಹಬ್ಬಿ ಅಗಲವಾದ ಎಲೆ ಬಿಟ್ಟಿದ್ದನ್ನು ನಾನು ಆಗಲೇ ನೋಡಿದ್ದೆ, ಯಾರದೋ ಏನೋ ಅಂದುಕೊಂಡಿದ್ದೆ.

"ತಗಳಿ," ಎಂದು ನನ್ನ ಕೈಗಿಟ್ಟಳು. "ನೀವು ಮೋರೀಗ್ ಬುಟ್ಟ ನೀರಿಂದು. ಆವತ್ತೇ ಬೀಜ ಊರ್ದೆ, ಸುಮ್ನೆ ಯಾಕ್ ಒಣ್ಗೋಗ್ಬೇಕು ಅಂತ. ಮುನ್ನೂರ್ ಬಿಂದ್ಗೆ ಕುಡ್ದದೆ, ಆಮ್ಯಾಕೆ ಮುಸ್ರೆ ನೀರು. ಸಪ್ಪಗಿದ್ರೆ ನನ್ ಕೇಳ್ಬ್ಯಾಡಿ."

ನಾನು ಅದನ್ನು ತಬ್ಬಿ ಹಿಡಿದುಕೊಂಡೆ. ಅವಳು ಆಗಲೇ ತಿರುಗಿ, ತನ್ನ ನಾಲ್ಕು ಬಿಂದಿಗೆಗಳ ಹತ್ತಿರ ಹೋಗಿ ಸರದಿಯಲ್ಲಿ ನಿಂತಿದ್ದಳು. ಮಳವಳ್ಳಿಯಲ್ಲಿ ಬಸ್ಸು ಹತ್ತಿದಾಗ ಕಂಡಕ್ಟರು ಅದನ್ನು ಮೇಲೆ ಹಾಕಿ ಅಂದ. ಬೇಡ ಅಂದೆ. ಮಂಡ್ಯದವರೆಗೂ ತೊಡೆಯ ಮೇಲೆ ಇಟ್ಟುಕೊಂಡೇ ಬಂದೆ.